ಶನಿವಾರದೊಳಗೆ ಹೋಗಬೇಕಾದ ವಾಸನೆ

ಒಗೆದು ಮಡಚಿಟ್ಟ ಪಂಚೆಯನ್ನು ವಿಘ್ನೇಶ್ವರ ಮೂಗಿಗೆ ಹಿಡಿದು ನಿಂತಾಗ ಶನಿವಾರ ಬೆಳಗಿನ ಏಳೂವರೆ. ವಾಸನೆ ಇತ್ತು. ಮೂಲೆಗೆ ಬಿದ್ದ ಒದ್ದೆ ಗೋಣಿಯ ವಾಸನೆ, ಅದರ ಹಿಂದೆ ಸೋಪಿನ ಪುಡಿಯ ಸುಳ್ಳು ಮಲ್ಲಿಗೆ, ಅದಕ್ಕೂ ಹಿಂದೆ ಇನ್ನೊಂದು, ಹೆಸರು ಹೇಳಲು ಅವನ ನಾಲಿಗೆ ಏಳದೆ ಇದ್ದದ್ದು. ಎರಡನೆಯ ಪಂಚೆ ತೆಗೆದ, ಅದೂ ಹಾಗೆಯೇ. ಹೆಂಡತಿ ದೇವಕಿಯ ನೈಟಿ, ತಲೆದಿಂಬಿನ ಚೀಲ, ಹೊದಿಕೆ, ಕೊನೆಗೆ ಗೋಡೆಗೆ ನೇತುಬಿದ್ದ ತನ್ನದೇ ಅಂಗವಸ್ತ್ರ, ಒಂದೊಂದನ್ನೂ ಮೂಸುತ್ತ ಹೋದ. ಆರನೆಯದಕ್ಕೆ ಬರುವಷ್ಟರಲ್ಲಿ ಮೂಗು ಸತ್ತುಹೋಗಿ ಯಾವುದಕ್ಕೆ ವಾಸನೆ ಇದೆ, ಯಾವುದಕ್ಕಿಲ್ಲ ಎಂಬುದೇ ತಿಳಿಯದಾಯಿತು. ಐವತ್ತನಾಲ್ಕು ವರ್ಷದ ಗಂಡಸು, ಊರಿನ ನಾಲ್ಕು ಮನೆಗೆ ಶುದ್ಧಾಶುದ್ಧ ಹೇಳುವ ಪುರೋಹಿತ, ಬಚ್ಚಲ ಬಾಗಿಲಲ್ಲಿ ನಿಂತು ನಾಯಿಯ ಹಾಗೆ ಬಟ್ಟೆ ಮೂಸುತ್ತಿದ್ದಾನೆ ಎಂದು ಅವನಿಗೇ ನಾಚಿಕೆಯಾಯಿತು. ಒಳಕೋಣೆಯ ಮಂಚದಿಂದ ಬಚ್ಚಲಿನ ಬಾಗಿಲು ನೇರ ಕಾಣುತ್ತದೆ. ದೇವಕಿ ನೋಡುತ್ತಿದ್ದಳು. ನವೆಂಬರಿನಲ್ಲಿ ಲಕ್ವ ಹೊಡೆದು ಅವಳ ಬಲಗೈ ಬಲಗಾಲು ಬಿದ್ದಿವೆ, ಮಾತು ತುಂಡು ತುಂಡಾಗಿದೆ, ಆದರೆ ಕಣ್ಣಿಗೆ ಏನೂ ಆಗಿಲ್ಲ. ನೋಡುವುದೊಂದೇ ಕೆಲಸವಾದ ಮೇಲೆ ಆ ಕಣ್ಣು ಮೊದಲಿಗಿಂತ ಚುರುಕಾಗಿದೆ ಎಂದು ಅವನಿಗೆ ಎಷ್ಟೋ ಸಲ ಅನ್ನಿಸಿದ್ದಿದೆ.

ಹೋದ ಶನಿವಾರ ನಾದಿನಿ ಶ್ರೀವಾಣಿ ಯಲ್ಲಾಪುರದಿಂದ ಬಂದಿದ್ದಳು. ಅಲ್ಲಿ ಹೈಸ್ಕೂಲಿನಲ್ಲಿ ಟೀಚರು. ಶನಿವಾರ ಅರ್ಧ ದಿನ ಶಾಲೆ ಬಿಟ್ಟ ಮೇಲೆ ಶಿರಸಿಯ ಬಸ್ಸು ಹತ್ತಿ ಅಕ್ಕನನ್ನು ನೋಡಲು ಬರುತ್ತಾಳೆ. ಮಂಚದ ಪಕ್ಕ ಕೂತವಳು ಅಕ್ಕನ ತಲೆ ಬಾಚಿದಳು, ಉಗುರು ಕತ್ತರಿಸಿದಳು, ಸೆರಗಿನಲ್ಲಿ ಒಂದು ಸಲ ಮೂಗು ಒರೆಸಿಕೊಂಡಳು. ಅದು ಅಳುವೋ ವಾಸನೆಯೋ ಎಂದು ವಿಘ್ನೇಶ್ವರ ಲೆಕ್ಕ ಹಾಕುತ್ತಿರುವಾಗಲೇ ಹೊರಗೆ ಜಗುಲಿಗೆ ಬಂದು ಹೇಳಿದಳು: “ಭಾವ, ಬೇಜಾರು ಮಾಡ್ಕಳಡಿ. ಅಕ್ಕನ ಹಾಸಿಗೆ, ಅಕ್ಕನ ಬಟ್ಟೆ, ಎಲ್ಲ ಒಂದ್ನಮೂನಿ ವಾಸನೆ ಬತ್ತು. ಮನುಷ್ಯರು ಹೆಂಗೆ ಮಲಗವು ಇದ್ರಲ್ಲಿ? ಬಪ್ಪ ಶನಿವಾರ ಬತ್ತೆ. ಆಗಲೂ ಹಿಂಗೇ ಇದ್ರೆ ಅಕ್ಕನ್ನ ಕರ್ಕಂಡು ಹೋಗ್ತೆ.” ಅವನು ಏನೋ ಹೇಳಲು ಬಾಯಿ ತೆರೆದ. ಮಿಷನ್ನಿಗೇ ಹಾಕುತ್ತಿದ್ದೇನೆ, ದಿನಾ ಹಾಕುತ್ತಿದ್ದೇನೆ, ಪುಡಿ ಎರಡು ಪಟ್ಟು ಹಾಕುತ್ತಿದ್ದೇನೆ. ಅದರಲ್ಲಿ ಒಂದನ್ನು ಹೇಳುವ ಮೊದಲೇ ಅವಳು ಚಪ್ಪಲಿ ಮೆಟ್ಟಿ ಅಂಗಳಕ್ಕಿಳಿದಿದ್ದಳು. ಇಪ್ಪತ್ತಾರು ವರ್ಷ ಬಾಳಿದ ಹೆಂಡತಿಯನ್ನು ಒಗೆದ ಬಟ್ಟೆಯ ವಾಸನೆಗೆ ಕಳೆದುಕೊಳ್ಳುವುದೆಂದರೇನು ಎಂದು ಅವನಿಗೆ ಸಿಟ್ಟು ಬಂತು. ಸಿಟ್ಟು ಇಳಿದ ಮೇಲೆ ಭಯವಾಯಿತು. ದೇವಕಿ ಹೋದರೆ ತಿರುಗಿ ಬರುವುದಿಲ್ಲ ಎಂಬುದು ಹೇಗೋ ಅವನಿಗೆ ಗೊತ್ತಿತ್ತು.

ಮಿಷನ್ನು ತಂದು ಎರಡು ವರ್ಷ. ಅದಕ್ಕೂ ಮೊದಲು ನಾಗಿ ಬಂದು ಒಗೆಯುತ್ತಿದ್ದಳು, ಇಪ್ಪತ್ತು ವರ್ಷ, ಹಿತ್ತಲ ಕಲ್ಲಿನ ಮೇಲೆ. ಅವಳು ಒಗೆದು ಹಿಂಡಿ ಬುಟ್ಟಿಯಲ್ಲಿಟ್ಟು ಹೋದ ಮೇಲೆ ಅವನು ಮಡಿಗೆ ಬೇಕಾದ ಪಂಚೆಗಳನ್ನು ಕೋಲಿನಲ್ಲಿ ಎತ್ತಿ, ಬಾವಿ ನೀರಿಗೆ ಮತ್ತೊಮ್ಮೆ ಅದ್ದಿ, ಮುಟ್ಟಿದ್ದು ಹೋಯಿತು ಎಂದುಕೊಂಡು ಎತ್ತರದ ಗಳದ ಮೇಲೆ ಹರವುತ್ತಿದ್ದ. ನಾಗಿ ಬೇಲಿ ದಾಟುವವರೆಗೆ ಕಾಯುತ್ತಿದ್ದ, ಅಷ್ಟು ಸೌಜನ್ಯ ತನಗಿದೆ ಎಂದು ಒಳಗೊಳಗೇ ಹೆಮ್ಮೆ ಬೇರೆ. ಅವಳಿಗೆ ಗೊತ್ತಿಲ್ಲ ಎಂದು ತಿಳಿದಿದ್ದನಲ್ಲ, ಎಂಥ ಪೆದ್ದ! ಮಿಷನ್ನು ತಂದದ್ದೂ ಅದಕ್ಕೇ. ಯಾರ ಕೈಯೂ ಸೋಕುವುದಿಲ್ಲ, ನೀರು ತಾನೇ ಬರುತ್ತದೆ, ತಾನೇ ಹೋಗುತ್ತದೆ, ಮಿಷನ್ನಿಗೆ ಜಾತಿಯಿಲ್ಲ. ಇನ್ನು ಬರುವುದು ಬೇಡ ಎಂದು ಹೇಳಿದ ದಿನ ನಾಗಿ ಅಂಗಳದಲ್ಲಿ ನಿಂತು ಆ ಬಿಳಿ ಪೆಟ್ಟಿಗೆಯನ್ನು ಒಂದು ಸುತ್ತು ನೋಡಿ, ನಗುತ್ತಲೇ ಕೇಳಿದಳು: “ಭಟ್ರೇ, ಇದು ತೊಳ್ದದ್ದಕ್ಕೂ ಮತ್ತೆ ನೀರು ಹಾಕ್ತ್ರಾ?” ದೇವಕಿ ಅಡುಗೆಮನೆಯ ಕಿಟಕಿಯಲ್ಲಿದ್ದಳು. ಅವಳೂ ನಕ್ಕಳು. ಆ ನಗು ಯಾರ ಕಡೆಯದು ಎಂದು ಆಗ ಅವನು ಯೋಚಿಸಿರಲಿಲ್ಲ.

ಡಿಸೆಂಬರಿನಲ್ಲಿ ಅವನೇ ನಾಗಿಯ ಮನೆಗೆ ಹೋಗಿ ಬಂದ. ದೇವಕಿಯ ಬಟ್ಟೆಗೆ ಯಾರಾದರೂ ಬೇಕಿತ್ತು ಎಂದ. ನಾಗಿ ಕುರ್ಚಿ ಕೊಟ್ಟು, ಕುಡಿಯಲು ಏನು ಕೊಡಲಿ ಎಂದು ಕೇಳಲು ಹೋಗಿ ನಾಲಿಗೆ ಕಚ್ಚಿಕೊಂಡಳು. ಅಮ್ಮನ್ನ ನೋಡಲು ಬರುತ್ತೇನೆ, ಬಟ್ಟೆ ಒಗೆಯಲು ಈಗ ಸೊಂಟ ಬಗ್ಗುವುದಿಲ್ಲ ಎಂದಳು. ಅಂಗಳದಲ್ಲಿ ಆಗಷ್ಟೇ ಒಗೆದ ಎರಡು ಕಂಬಳಿ ನೀರಿಳಿಸುತ್ತಿದ್ದವು. ಅವನು ಅವನ್ನು ನೋಡಿದ, ಅವನು ನೋಡಿದ್ದನ್ನು ಅವಳು ನೋಡಿದಳು.

ಹಾಗಾಗಿ ಎಲ್ಲ ಮಿಷನ್ನಿನ ಪಾಲಿಗೆ ಬಂತು. ಮೊದಲ ದಿನ ದೇವಕಿಯ ಹಾಸಿಗೆಯ ಬಟ್ಟೆಯನ್ನು ಕೈಯಲ್ಲಿ ಎತ್ತಲಾರದೆ ಅವನು ಮಡಿಬಟ್ಟೆ ಎತ್ತುವ ಕೋಲನ್ನೇ ತಂದ. ಕೋಲಿನ ತುದಿಗೆ ಅದನ್ನು ಸಿಕ್ಕಿಸಿ, ಮುಖ ಅತ್ತ ತಿರುಗಿಸಿ, ಮಿಷನ್ನಿನ ಬಾಯಿಗೆ ತುರುಕಿದ. ತುರುಕಿ ತಿರುಗಿದರೆ ಬಾಗಿಲ ಚೌಕಟ್ಟಿನಲ್ಲಿ ಮಂಚ, ಮಂಚದ ಮೇಲೆ ಆ ಕಣ್ಣು. ಮರುದಿನದಿಂದ ಬಚ್ಚಲ ಬಾಗಿಲು ಎಳೆದುಕೊಂಡು ಮಾಡಿದ. ಹಾಸಿಗೆಯ ಬಟ್ಟೆ ತನ್ನ ಮಡಿಬಟ್ಟೆಗೆ ಸೋಕಬಾರದೆಂದು ಮೊದಮೊದಲು ಬೇರೆ ಬೇರೆ ಹಾಕುತ್ತಿದ್ದ. ಬೇಸಿಗೆ ಬಂದು ಬೋರಿನ ನೀರು ಕೆಂಪಗಾಗಿ, ಟ್ಯಾಂಕು ಎರಡು ದಿನಕ್ಕೊಮ್ಮೆ ತುಂಬತೊಡಗಿದ ಮೇಲೆ ಒಟ್ಟಿಗೇ ತುರುಕಿದ. ಅರ್ಧ ಗಂಟೆಯ ಸಣ್ಣ ಸುತ್ತಿಗೆ ಇಟ್ಟು, ಶುದ್ಧಿಯಾಗಲೆಂದು ಪುಡಿ ಎರಡು ಪಟ್ಟು ಹಾಕಿ, ಅದೂ ಸಾಲದೆಂದು ಒಂದು ಹಿಡಿ ಅಂಟುವಾಳದ ಕಾಯಿಯನ್ನೂ ಎಸೆದ. ಅಮ್ಮ ಪಟ್ಟೆಮಡಿಯನ್ನು ಅಂಟುವಾಳದಲ್ಲೇ ತೊಳೆಯುತ್ತಿದ್ದಳಲ್ಲ. ರಾತ್ರಿ ಹಾಕಿದ್ದನ್ನು ಕೆಲವೊಮ್ಮೆ ಬೆಳಿಗ್ಗೆ ಪೂಜೆ ಮುಗಿದ ಮೇಲೆಯೇ ತೆಗೆಯುವುದು. ತೆಗೆದೊಡನೆ ಬಾಗಿಲು ಗಟ್ಟಿಯಾಗಿ ಒತ್ತಿ, ಹಲ್ಲಿ ಬೀಳದಂತೆ, ಹೊರಗಿನ ಗಾಳಿ ಧೂಳು ಸೋಕದಂತೆ, ಬಂದವರು ಯಾರೂ ಕೈ ಹಾಕದಂತೆ ಮೇಲೊಂದು ಶುಭ್ರ ಪಂಚೆ ಹೊದಿಸಿಡುತ್ತಿದ್ದ. ದೇವರ ಕೋಣೆಗೂ ಅಷ್ಟು ಭದ್ರವಿರಲಿಲ್ಲ. ಎಷ್ಟು ಮಾಡಿದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ, ವಾಸನೆ ಹೆಚ್ಚುತ್ತಲೇ ಹೋಯಿತು.

ಕಾನಸೂರಿನ ಶ್ರಾದ್ಧದ ದಿನ ಅದು ತನ್ನೊಬ್ಬನ ಮೂಗಿನ ಭ್ರಮೆಯಲ್ಲ ಎಂದು ಗೊತ್ತಾಯಿತು. ಸಂಕಲ್ಪಕ್ಕೆ ಕೂತಿದ್ದ ಯಜಮಾನ ಕೂತಲ್ಲೇ ಮಣೆಯನ್ನು ಒಂದು ಗೇಣು ಹಿಂದಕ್ಕೆ ಸರಿಸಿದ. ಸ್ವಲ್ಪ ಹೊತ್ತಿಗೆ ಇನ್ನೊಂದು ಗೇಣು. ಮನೆಯೊಡತಿ, ಒಳ್ಳೆಯ ಹೆಂಗಸು, ಒಳಗಿಂದ ಹೊಸ ಪಂಚೆ ತಂದು ಬಾಗಿಲ ಪಕ್ಕದ ಮಣೆಯ ಮೇಲೆ ಇಟ್ಟು ಹೇಳಿದಳು: “ಭಟ್ರೇ, ರಾಶಿ ಸೆಕೆ. ನಿಂಗಳ ಪಂಚೆ ಬೆವರಿ ಹೋಯ್ದು. ಇದು ನೀರು ಹಾಕಿ ಒಣಗಿಸಿದ್ದೇಯ, ಉಟ್ಕಳಿ.” ಬೆವರೇ ಇರಲಿಲ್ಲ. ಅವನು ಎದ್ದು ಹೋಗಿ ಉಟ್ಟು ಬಂದ. ಅವಳ ದನಿಯಲ್ಲಿ ಒಂದು ಚೂರು ಕುಹಕವಿದ್ದರೂ ಬದುಕಿಕೊಳ್ಳುತ್ತಿದ್ದ, ಇದ್ದದ್ದು ಬರೀ ಕರುಣೆ. ಪಿಂಡಕ್ಕೆ ಎಳ್ಳುನೀರು ಬಿಡಿಸುವಾಗ ಮಂತ್ರ ತಪ್ಪಿತು. ಮೂವತ್ತು ವರ್ಷದಲ್ಲಿ ಮೊದಲ ಸಲ, ಯಾರಿಗೂ ತಿಳಿಯಲಿಲ್ಲ.

ಈ ಶನಿವಾರ ಮಿಷನ್ನು ನೋಡಲು ಮನೋಹರ ಬಂದಾಗ ಒಂಬತ್ತು ಗಂಟೆ. ಸಿದ್ದಾಪುರ ರಸ್ತೆಯಲ್ಲಿ ಮಿಕ್ಸಿ, ಫ್ರಿಜ್ಜು, ಮಿಷನ್ನು ರಿಪೇರಿಯ ಸಣ್ಣ ಅಂಗಡಿ ಇಟ್ಟುಕೊಂಡ ಐವತ್ತರ ಹತ್ತಿರದ ಮನುಷ್ಯ. ಯಾರೂ ಹೇಳದೆಯೇ ಮನೆ ಸುತ್ತಿ ಹಿತ್ತಲ ಬಾಗಿಲಿಗೆ ಬಂದು ಚಪ್ಪಲಿ ಬಿಟ್ಟ. ಹಾಗೆ ಬಂದದ್ದು ವಿಘ್ನೇಶ್ವರನಿಗೆ ಸಮಾಧಾನವಾಯಿತು, ಸಮಾಧಾನವಾಯಿತಲ್ಲ ಎಂದು ಕಸಿವಿಸಿಯೂ ಆಯಿತು. ಮನೋಹರ ಮೇಲೆ ಹೊದಿಸಿದ್ದ ಪಂಚೆಯನ್ನು ಎರಡು ಬೆರಳಲ್ಲಿ ಎತ್ತಿ ಬದಿಗಿಟ್ಟು, ಬಾಗಿಲು ತೆಗೆದು, ಬಾಯಿಯ ಸುತ್ತಲಿನ ಬೂದು ರಬ್ಬರನ್ನು ಹೆಬ್ಬೆರಳಿನಲ್ಲಿ ಮಗುಚಿದ. ಒಳಗೆ ಕಾಡಿಗೆಯ ಹಾಗೆ ಕಪ್ಪು ಲೋಳೆ.

“ಭಟ್ರೇ, ಇದರ ಬಾಗ್ಲು ಯಾವಾಗ್ಲೂ ಮುಚ್ಚೇ ಇಡುದಾ?”

“ಹೌದು. ಸ್ವಚ್ಛ ಇರಲಿ ಅಂತ.”

“ಸ್ವಚ್ಛ ಇರಲಿ ಅಂತ ಮುಚ್ಚಿಟ್ಟೇ ಕೊಳೆತದ್ದು ಇದು. ಒಳಗೆ ನೀರಿನ ಪಸೆ ಇರ್ತದೆ, ಗಾಳಿ ಬೇಕು. ಒಗ್ದು ಆದ್ಮೇಲೆ ಬಾಗ್ಲು ತೆಗ್ದೇ ಬಿಡ್ಬೇಕು. ಈ ರಬ್ಬರು ದಿನಾ ಒರಸ್ಬೇಕು, ಕೈಯಾಗೇ, ಬಟ್ಟೆ ತಗಂಡು.” ಅವನು ಕೆಳಗಿನ ಸಣ್ಣ ಮುಚ್ಚಳ ತಿರುಗಿಸಿ ಫಿಲ್ಟರು ಎಳೆದ. ಒಂದು ತಂಬಿಗೆ ತುಂಬುವಷ್ಟು ಕೊಳೆನೀರು ಬಳಬಳ ಸುರಿಯಿತು, ಅದರ ಜೊತೆ ಅಂಟುವಾಳದ ಸಿಪ್ಪೆ, ಎರಡು ಬೀಜ, ದೇವಕಿಯ ತಲೆಯ ಪಿನ್ನು, ತುಂಡಾದ ಜನಿವಾರದ ಎಳೆ. ಮನೋಹರ ಎಲ್ಲವನ್ನೂ ಅಂಗೈಯಲ್ಲಿ ಹಿಡಿದು ನೋಡಿ ನಕ್ಕ. “ಎಂತೆಂತ ಹಾಕೀರಿ ಮಾರಾಯ್ರೇ! ಮಿಷನ್ನೋ, ಕಷಾಯದ ಪಾತ್ರೆಯೋ? ನೋಡಿ, ಪುಡಿ ಹೆಚ್ಚಾದ್ರೆ ಬಟ್ಟೆ ಚೊಕ್ಕ ಆಗುದಿಲ್ಲ, ಪುಡಿಯೇ ಒಳಗೆ ಕೂತು ನಾರ್ತದೆ. ಅರ್ಧ ಹಾಕಿ. ಬಟ್ಟೆನೂ ಅರ್ಧ, ಮೇಲೆ ಒಂದು ಕೈ ಆಡುವಷ್ಟು ಜಾಗ ಇರ್ಬೇಕು. ಹಾಸಿಗೆ ಬಟ್ಟೆ ಮೊದ್ಲು ಕೈಯಲ್ಲಿ ತಣ್ಣೀರಿಗೆ ಜಾಲ್ಸಿ, ಆಮೇಲೆ ಬಿಸಿನೀರಿಗೆ ಹಾಕಿ. ಮುಗಿದ ಕೂಡ್ಲೇ ತೆಗಿರಿ. ತಿಂಗಳಿಗೊಂದು ಸಲ ಸೋಡಾಪುಡಿ ಹಾಕಿ ಖಾಲಿ ಓಡ್ಸಿ. ಈಗ ಎರಡು ಸಲ ಓಡ್ಸಿ, ಹೋಗ್ತದೆ.”

“ಮಧ್ಯಾಹ್ನದೊಳಗೆ ಹೋಗ್ತದಾ?” ಕೇಳಿದ ಮೇಲೆ ತನ್ನ ದನಿ ಭಿಕ್ಷೆಯವನ ದನಿಯಾಗಿದ್ದು ವಿಘ್ನೇಶ್ವರನಿಗೆ ಕೇಳಿಸಿತು.

“ಮಿಷನ್ನಿಂದು ಹೋಗ್ತದೆ,” ಎಂದ ಮನೋಹರ. ಕೈ ತೊಳೆದುಕೊಂಡು, ಒರೆಸಿಕೊಳ್ಳುತ್ತ, ಹೇಳದೆ ಕೇಳದೆ ಒಳಕೋಣೆಗೆ ನಡೆದ. “ಅಕ್ಕಾ, ಹೆಂಗಿದ್ರಿ? ನಮ್ಮವ್ವನೂ ಮೂರು ವರ್ಷ ಹಿಂಗೇ ಮಲಗಿದ್ದು. ಬೆನ್ನು ಉರಿತದಾ?” ಎನ್ನುತ್ತ ಅವಳ ಭುಜದ ಕೆಳಗೆ ಕೈ ಕೊಟ್ಟು ಸ್ವಲ್ಪ ಎತ್ತಿ, ದಿಂಬನ್ನು ಅಡ್ಡಮಾಡಿ ಇಟ್ಟ. ದೇವಕಿಯ ಬಾಯಿ ಒಂದೇ ಪಕ್ಕಕ್ಕೆ ಅರಳಿತು. ಗೊರಗೊರ ಸದ್ದು ಬಂತು. ಅದು ನಗು ಎಂದು ತಿಳಿಯಲು ವಿಘ್ನೇಶ್ವರನಿಗೆ ಒಂದು ಗಳಿಗೆ ಹಿಡಿಯಿತು. ನಾಲ್ಕು ತಿಂಗಳಲ್ಲಿ ಅವನು ಅದನ್ನು ಕೇಳಿರಲಿಲ್ಲ. ಹೊಟ್ಟೆಕಿಚ್ಚಾಯಿತು, ನೇರ, ನಾಚಿಕೆಯಿಲ್ಲದ ಹೊಟ್ಟೆಕಿಚ್ಚು. ತಾನೂ ದಿನಾ ಎತ್ತುತ್ತೇನೆ, ಒರೆಸುತ್ತೇನೆ, ಹೊರಳಿಸುತ್ತೇನೆ. ಆದರೆ ಅದಾದ ಕೂಡಲೇ ಬಚ್ಚಲಿಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಳ್ಳುತ್ತೇನೆ, ದಿನಕ್ಕೆ ನಾಲ್ಕು ಸಲ. ಆ ತಂಬಿಗೆಯ ಸದ್ದು ಮಂಚದವರೆಗೆ ಸರಿಯಾಗಿ ಕೇಳುತ್ತದೆ. ಪೂಜೆ ಮಾಡುವವನು, ಇನ್ನೇನು ಮಾಡಲಿ, ಎಂದು ಅವನು ಯಾರಿಗೋ ಮನಸ್ಸಿನಲ್ಲೇ ಉತ್ತರ ಕೊಟ್ಟ. ಯಾರೂ ಕೇಳಿರಲಿಲ್ಲ.

ಖಾಲಿ ಮಿಷನ್ನು ಬಿಸಿನೀರಿನಲ್ಲಿ ತಿರುಗತೊಡಗಿತು. ಗಾಜಿನ ಬಾಗಿಲ ಎದುರು ಕುಕ್ಕರುಗಾಲಿನಲ್ಲಿ ಕೂತು ಅವನು ನೋಡಿದ. ಒಳಗೆ ಏನೂ ಇಲ್ಲ, ಆದರೂ ನೀರು ಕಂದಾಗಿ, ಕಪ್ಪು ಚಕ್ಕೆಗಳು ಎದ್ದು ಗಾಜಿಗೆ ಬಡಿದು ಹೋಗುತ್ತಿದ್ದವು. ತೊಟ್ಟಿ ಒಂದು ಸಲ ದಡ್ ಎಂದಿತು. ಅದೇ ಸದ್ದು. ನವೆಂಬರಿನ ಆ ಬೆಳಿಗ್ಗೆ ಅವನು ಮಡಿಯುಟ್ಟು ದೇವರ ಮುಂದೆ ಕೂತಿದ್ದ, ಜಪ ನಡುವಿನಲ್ಲಿತ್ತು, ಬಚ್ಚಲಲ್ಲಿ ದಡ್ ಎಂದು ಏನೋ ಬಿತ್ತು. ಬಕೀಟು ಎಂದುಕೊಂಡ. ಬಕೀಟಲ್ಲ ಎಂದು ಒಳಗಿನ ಇನ್ನೊಬ್ಬ ಆಗಲೇ ಹೇಳಿದ್ದ. ಬೆರಳು ಮಣಿ ಎಣಿಸುತ್ತಲೇ ಇತ್ತು. ಎದ್ದರೆ ಮತ್ತೆ ಸ್ನಾನ, ಮತ್ತೆ ಮೊದಲಿನಿಂದ. ನೂರೆಂಟು ಮುಗಿಸಿ, ಆರತಿ ಎತ್ತಿ, ಗಂಟೆ ಬಾರಿಸಿ, ಆಮೇಲೆ “ಎಂತ ಬಿತ್ತೇ?” ಎಂದು ಕರೆದ. ಡಾಕ್ಟರು ಕೇಳಿದರು, ಬಿದ್ದು ಎಷ್ಟು ಹೊತ್ತಾಯಿತು? ಬೇಗ ತಂದಿದ್ದರೆ ಒಳ್ಳೆಯದಿತ್ತು. ಈಗಷ್ಟೇ, ಕೂಡಲೇ ತಂದೆ, ಎಂದ. ಸ್ಟ್ರೆಚರಿನ ಮೇಲೆ ದೇವಕಿಗೆ ಎಚ್ಚರವಿತ್ತು. ಬಿದ್ದಲ್ಲಿಂದ ಅವಳು ಗಂಟೆಯ ಸದ್ದು ಕೇಳಿರಲೇಬೇಕು. ಆ ಮಾತನ್ನು ಅವಳು ಆಡಲಾರಳು ಎಂಬುದು ಮೊದಲ ವಾರ ಅವನಿಗೆ ಹಗುರವೆನಿಸಿತ್ತು.

ಎರಡನೆಯ ಖಾಲಿ ಸುತ್ತು ಮುಗಿದಾಗ ಮಿಷನ್ನಿನ ಬಾಯಿಗೆ ಮೂಗಿಟ್ಟ. ಬರೀ ಬಿಸಿ ಕಬ್ಬಿಣದ ವಾಸನೆ. ಅವನಿಗೆ ನಂಬಿಕೆಯಾಗಲಿಲ್ಲ. ಹಾಸಿಗೆಯ ಬಟ್ಟೆಯನ್ನು ಈ ಸಲ ಕೋಲಿಲ್ಲದೆ ಕೈಯಲ್ಲಿ ಎತ್ತಿದ, ತಣ್ಣೀರಿಗೆ ಜಾಲಿಸಿದ, ಅರ್ಧ ತುಂಬಿದ, ಅರ್ಧ ಪುಡಿ ಹಾಕಿದ. ಮುಗಿದ ಕೂಡಲೇ ತೆಗೆದು ಬಿಸಿಲಿಗೆ ಹರವಿದ. ಮಾರ್ಚಿನ ಬಿಸಿಲು, ಒಂದೇ ಗಂಟೆಯಲ್ಲಿ ಹೊದಿಕೆ ಗರಿಗರಿಯಾಯಿತು, ಮೂಸಿದರೆ ಬಿಸಿಲು ಬಿಟ್ಟು ಬೇರೇನೂ ಇಲ್ಲ. ಅವನಿಗೆ ಮಕ್ಕಳ ಹಾಗೆ ಖುಷಿಯಾಯಿತು. ಬೀರುವಿನಲ್ಲಿದ್ದ ದೇವಕಿಯ ಬಟ್ಟೆಗಳನ್ನೆಲ್ಲ ಒಂದೂ ಬಿಡದೆ ಹೊರಗೆಳೆದು ಎರಡು ಪಾಲು ಮಾಡಿ ಹಾಕಿದ. ಮೈಮೇಲೆ ಇದ್ದದ್ದೊಂದು ನೈಟಿ ಬಿಟ್ಟರೆ ಎಲ್ಲವೂ ಹೋಯಿತು. ಒಗೆದ ಹೊದಿಕೆ ಹಾಸಿ ಅವಳನ್ನು ಮಲಗಿಸುತ್ತ, “ನೋಡು, ವಾಸನೆ ಇಲ್ಲೆ, ಇದ್ದಾ?” ಎಂದು ಕೇಳಿದ. ದೇವಕಿ ಹೊದಿಕೆಯನ್ನು ಎಡಗೈಯಲ್ಲಿ ಮುಟ್ಟಿ ನೋಡಿದಳು. ಆಮೇಲೆ ಅವನನ್ನು ನೋಡಿದಳು. ಅವನು ಆಗಲೇ ಬಾಗಿಲ ಕಡೆ ತಿರುಗಿದ್ದ. ಎರಡೂವರೆಯಾಗಿತ್ತು, ಬೆಳಗಿನ ಪೂಜೆ ಇನ್ನೂ ಬಾಕಿ, ಕೊನೆಯ ಪಾಲಿನ ಬಟ್ಟೆ ಹರವಿ ಸ್ನಾನ ಮಾಡಬೇಕಿತ್ತು.

ಒದ್ದೆ ತಲೆಯಲ್ಲಿ ಮಡಿಯುಟ್ಟು ಅವನು ದೇವರ ಕೋಣೆಯ ಹೊಸ್ತಿಲಿಗೆ ಬಂದಾಗ ಶ್ರೀವಾಣಿ ಬಂದಳು. ಬಸ್ಸಿನಲ್ಲಲ್ಲ, ಕಾರಿನಲ್ಲಿ. ಹಿಂದಿನ ಸೀಟಿನಲ್ಲಿ ದಿಂಬು, ಕಂಬಳಿ ಎಲ್ಲ ಜೋಡಿಸಿದ್ದು ಕಿಟಕಿಯಿಂದ ಕಾಣುತ್ತಿತ್ತು. ಅವಳು ನೇರ ಒಳಕೋಣೆಗೆ ಹೋಗಿ ನಿಂತಳು. ಹೊದಿಕೆ ಎತ್ತಿ ಮೂಗಿಗೆ ಹಿಡಿದಳು. ಬಚ್ಚಲಿಗೂ ಒಂದು ಸಲ ಇಣುಕಿ ಬಂದಳು.

“ಭಾವ, ಒಂಚೂರೂ ವಾಸನೆ ಇಲ್ಲೆ,” ಎಂದಳು. ದನಿಯಲ್ಲಿ ಆಶ್ಚರ್ಯವಿತ್ತು, ಸ್ವಲ್ಪ ಪಶ್ಚಾತ್ತಾಪವೂ. “ಒಬ್ಬರೇ ಮಾಡಿದ್ರಾ ಇಷ್ಟೂವ? ಆನು ಸುಮ್ಮನೆ ಗಡಿಬಿಡಿ ಮಾಡಿದಿ ಕಾಣ್ತು. ಅಕ್ಕ, ಇಲ್ಲೇ ಇರ್ತ್ಯ ಹಂಗಾರೆ? ಆನು ಕಾರು ವಾಪಸ್ಸು ಕಳಿಸ್ತೆ.”

ಗೆದ್ದೆ ಎನ್ನಿಸಿತು ವಿಘ್ನೇಶ್ವರನಿಗೆ. ಕಣ್ಣಲ್ಲಿ ನೀರೇ ಬಂತು. ಮಂಚದ ಹತ್ತಿರಕ್ಕೆ ಎರಡು ಹೆಜ್ಜೆ ಹೋದ. ದೇವಕಿ ಅವನನ್ನೇ ನೋಡುತ್ತ ಎಡಗೈ ಎತ್ತಿದಳು, ಮೆಲ್ಲಗೆ, ಬೆರಳು ಬಿಚ್ಚಿ ಅವನ ಕಡೆ ಚಾಚಿದಳು. ಆಗ ಅವನ ಕಾಲು, ಅವನನ್ನು ಕೇಳದೆ, ಒಂದು ಹೆಜ್ಜೆ ಹಿಂದೆ ಸರಿಯಿತು. ಕೈ ಉಟ್ಟ ಮಡಿಯನ್ನು ಮೊಣಕಾಲಿನ ಹತ್ತಿರ ಒತ್ತಿ ಹಿಡಿಯಿತು. ಅಷ್ಟೇ. ಪೂಜೆಯೊಂದು ಮುಗಿಸಿ ಬಂದು ಹಿಡಿದುಕೊಳ್ಳುತ್ತಿದ್ದ ಆ ಕೈಯನ್ನು, ದೇವರಾಣೆ ಹಿಡಿದುಕೊಳ್ಳುತ್ತಿದ್ದ.

ದೇವಕಿಯ ಕೈ ಸ್ವಲ್ಪ ಹೊತ್ತು ಗಾಳಿಯಲ್ಲೇ ಇತ್ತು. ಆಮೇಲೆ ಅದು ತಂಗಿಯ ಕಡೆ, ಅಲ್ಲಿಂದ ಹೊರಬಾಗಿಲಿನ ಕಡೆ ತಿರುಗಿತು. “ಹೋ... ಪ,” ಎಂದಳು.

“ಅಕ್ಕ? ಈಗ ವಾಸನೆ ಇಲ್ಯಲೇ.”

“ಹೋಪ.”

ಶ್ರೀವಾಣಿ ಭಾವನ ಮುಖ ನೋಡಲಿಲ್ಲ. ಅದು ಅವಳು ಅವನಿಗೆ ತೋರಿಸಿದ ದೊಡ್ಡ ಮರ್ಯಾದೆ. ಅಕ್ಕನ ಬಟ್ಟೆ ಎಲ್ಲಿದೆ ಎಂದು ಬೀರು ತೆರೆದರೆ ಬೀರು ಖಾಲಿ. ಎಲ್ಲ ಹಿತ್ತಲ ತಂತಿಯ ಮೇಲೆ ಇನ್ನೂ ಒದ್ದೆಯಾಗಿಯೇ ಇತ್ತು. ಒಂದು ಗಂಟೆ ತಡೆದರೆ ಒಣಗುತ್ತದೆ, ಎಂದ ಅವನು. ಒಂದೇ ಗಂಟೆ. ದೇವಕಿ ತಲೆಯಾಡಿಸಿದಳು. ಮೈಮೇಲಿನ ಒಂದು ನೈಟಿಯಲ್ಲಿ, ತಂಗಿಯ ಶಾಲು ಹೊದ್ದು, ಕಾರಿನವನ, ತಂಗಿಯ ಕೈಗಳ ಮೇಲೆ ಹೋದಳು. ಅವನೂ ಕೈ ಕೊಡಲು ಮುಂದೆ ಬಂದ. ಅಷ್ಟರಲ್ಲಿ ಅವಳು ಸೀಟಿನಲ್ಲಿದ್ದಳು.

ಪೂಜೆ ಮಾಡಲಾಗಲಿಲ್ಲ. ಜಗುಲಿಯಲ್ಲಿ ಕೂತ. ಬಿಸಿಲು ಇಳಿಯುವ ಮೊದಲೇ ಬಟ್ಟೆ ಒಣಗಿತು. ಮಡಚಿ, ಅಂಚಿಗೆ ಅಂಚು ಕೂಡಿಸಿ, ಚೀಲದಲ್ಲಿಟ್ಟು ಫೋನು ಮಾಡಿದ. ಅವರು ಇನ್ನೂ ಯಲ್ಲಾಪುರದ ಹಾದಿಯಲ್ಲಿದ್ದರು, ಗಾಳಿಯ ಸದ್ದು ಕೇಳುತ್ತಿತ್ತು.

“ಶ್ರೀವಾಣಿ, ಬಟ್ಟೆ ಎಲ್ಲ ಒಣಗಿದ್ದು. ವಾಸನೆ ಎಂತೂ ಇಲ್ಲೆ. ನಾಳೆ ಮೊದಲ ಬಸ್ಸಿಗೆ ತಗಂಡು ಬತ್ತೆ.”

ಅವಳು ಅಕ್ಕನಿಗೆ ಹೇಳುವುದು ಕೇಳಿಸಿತು. 

“ಭಾವ,” ಎಂದಳು ಶ್ರೀವಾಣಿ, “ಅಕ್ಕ ಬ್ಯಾಡ ಹೇಳ್ತಾ ಇದ್ದು. ಯಾರಿಗಾದ್ರೂ ಕೊಟ್ಟುಬಿಡಿ ಹೇಳಿ ಕೈ ಮಾಡ್ತು.”

ತೀರಿಹೋದವರ ಬಟ್ಟೆಯನ್ನು ಹನ್ನೊಂದನೆಯ ದಿನ ಯಾರಿಗೆ ಕೊಡಬೇಕು, ಹೇಗೆ ಕೊಡಬೇಕು, ಮನೆಯಲ್ಲಿ ಯಾವುದನ್ನೂ ಇಟ್ಟುಕೊಳ್ಳಬಾರದು ಎಂದು ಅವನು ಮೂವತ್ತು ವರ್ಷ ಎಷ್ಟೋ ಮನೆಗಳಲ್ಲಿ ಗಂಡಂದಿರಿಗೆ, ಮಕ್ಕಳಿಗೆ ಹೇಳಿಕೊಟ್ಟಿದ್ದ. ಪಕ್ಕದಲ್ಲಿ ಕೂತು ಆ ದಾನದ ಎಲೆ ಅಡಿಕೆಯ ತಟ್ಟೆ ಹೊಂದಿಸಿ ಕೊಡಲು ಎಷ್ಟೋ ಸಲ ದೇವಕಿಯೂ ಬಂದಿದ್ದಳು.

“ಆತು,” ಎಂದು ಅವನು ಫೋನು ಇಟ್ಟ.